ವಿಂಡೋಸ್‌ಗೆ ಕರ್ನಲ್ ಡ್ರೈವರ್ ಬರೆಯುವುದು: ಯಾವುದು ಮೊದಲು, ಯಾವುದು ಆಮೇಲೆ

ಕರ್ನಲ್ ಡ್ರೈವರ್ (ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೇ ಓಡುತ್ತಾ ಸಾಧನವನ್ನು ನಡೆಸುವ ಪ್ರೋಗ್ರಾಂ) ಕಲಿಯಲು ಹೊರಟವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಸ್ಯಾಂಪಲ್ ಕೋಡ್ ಇಳಿಸಿಕೊಳ್ಳುತ್ತಾರೆ, ಬಿಲ್ಡ್ ಮಾಡುತ್ತಾರೆ, ದಿನಾ ಬಳಸುವ ಲ್ಯಾಪ್‌ಟಾಪ್‌ನಲ್ಲೇ ಇನ್‌ಸ್ಟಾಲ್ ಮಾಡುತ್ತಾರೆ. ನೀಲಿ ಪರದೆ ಬರುತ್ತದೆ. ಯಾಕೆ ಬಂತು ಅಂತ ತಿಳಿಯುವ ದಾರಿಯೇ ಇರುವುದಿಲ್ಲ, ಏಕೆಂದರೆ ಡಿಬಗ್ಗರ್ ಇನ್ನೂ ಜೋಡಿಸಿಲ್ಲ. ಅಂದಾಜಿನ ಮೇಲೆ ಒಂದೆರಡು ಸಾಲು ಬದಲಿಸುತ್ತಾರೆ, ಮತ್ತೆ ನೀಲಿ ಪರದೆ. ಸ್ವಲ್ಪ ದಿನಕ್ಕೆ ಸಾಕಪ್ಪ ಅಂತ ಕೈಬಿಡುತ್ತಾರೆ.

ಅದಕ್ಕೇ ಇಲ್ಲಿ ಕೋಡ್‌ಗಿಂತ ಹೆಜ್ಜೆಗಳ ಅನುಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಸಿ ಭಾಷೆಯಲ್ಲಿ ಪಾಯಿಂಟರ್, ಸ್ಟ್ರಕ್ಚರ್, ಕಾಲ್‌ಬ್ಯಾಕ್ ಫಂಕ್ಷನ್ ಗೊತ್ತಿರಬೇಕು. ಎರಡು ಥ್ರೆಡ್ ಒಂದೇ ವೇರಿಯಬಲ್ ಮುಟ್ಟಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿರಬೇಕು. ಇಷ್ಟು ಇಲ್ಲದಿದ್ದರೆ ಮೊದಲು ಅದನ್ನು ಕಲಿತು ಬನ್ನಿ. ಕರ್ನಲ್‌ನಲ್ಲಿ ಕೂತು ಸಿ ಕಲಿಯುವುದು ಸುಮ್ನೆ ಕಷ್ಟ.

ಹಂತ 1: ಕರ್ನಲ್ ಬೇಕೇ ಬೇಕಾ, ನೋಡಿಕೊಳ್ಳಿ

ಯುಎಸ್‌ಬಿ ಸಾಧನದ ಜೊತೆ ಬರೀ ಡೇಟಾ ಕೊಟ್ಟು ತೆಗೆದುಕೊಳ್ಳುವುದಿದ್ದರೆ ವಿಂಡೋಸ್ ಜೊತೆಗೇ ಬರುವ ವಿನ್‌ಯುಎಸ್‌ಬಿ ಡ್ರೈವರ್ ಸಾಕು. ಮಿಕ್ಕ ಕೆಲಸವನ್ನು ಸಾಮಾನ್ಯ ಪ್ರೋಗ್ರಾಂನಿಂದಲೇ ಮಾಡಬಹುದು. ಸೆನ್ಸರ್‌ನಂಥ ಸಾಧನಗಳಿಗೆ ಯೂಸರ್ ಮೋಡ್‌ನಲ್ಲಿ, ಅಂದರೆ ಸಾಮಾನ್ಯ ಪ್ರೋಗ್ರಾಂಗಳ ಹಾಗೆ ಕರ್ನಲ್ ಹೊರಗೆ, ಓಡುವ ಯುಎಂಡಿಎಫ್ ಎಂಬ ಡ್ರೈವರ್ ಫ್ರೇಮ್‌ವರ್ಕ್ ಇದೆ. ಅದರಲ್ಲಿ ಏನಾದರೂ ಕೆಟ್ಟರೆ ಒಂದು ಪ್ರೊಸೆಸ್ ಸಾಯುತ್ತದೆ ಅಷ್ಟೆ, ಇಡೀ ಯಂತ್ರ ಬೀಳುವುದಿಲ್ಲ.

ಪಿಸಿಐ ಕಾರ್ಡ್, ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಸಾಧನವೇ ಮೆಮೊರಿಯನ್ನು ನೇರವಾಗಿ ಓದಿ ಬರೆಯುವುದು), ಫೈಲ್ ಸಿಸ್ಟಂ ಫಿಲ್ಟರ್ ಇಂಥವಕ್ಕೆ ಕರ್ನಲ್ ಬೇಕು. ಆಗಲೂ ಹಳೆಯ ಡಬ್ಲ್ಯೂಡಿಎಂ (ವಿಂಡೋಸ್ ಡ್ರೈವರ್ ಮಾಡೆಲ್) ಶೈಲಿಯಲ್ಲಿ ಶುರು ಮಾಡಬೇಡಿ. ಅದರಲ್ಲಿ ಪ್ಲಗ್ ಅಂಡ್ ಪ್ಲೇ, ಪವರ್ ಎರಡನ್ನೂ ನೀವೇ ನಿಭಾಯಿಸಬೇಕು. ಸಾಧನದ ಡ್ರೈವರ್‌ಗೆ ಕೆಎಂಡಿಎಫ್ (ಯುಎಂಡಿಎಫ್‌ನ ಕರ್ನಲ್ ಮೋಡ್ ಜೋಡಿ; ಎರಡೂ ಸೇರಿ ಡಬ್ಲ್ಯೂಡಿಎಫ್) ಹಿಡಿಯಿರಿ, ಆ ಗೋಜಲಿನ ಬಹುಪಾಲನ್ನು ಅದೇ ನೋಡಿಕೊಳ್ಳುತ್ತದೆ. ಈ ಮಾರ್ಗದರ್ಶಿ ಇರುವುದು ಅದರ ಬಗ್ಗೆಯೇ.

ಹಂತ 2: ಎರಡು ಯಂತ್ರ ಮಾಡಿಕೊಳ್ಳಿ

ಕೋಡ್ ಬರೆಯುವ ಯಂತ್ರ ಹೋಸ್ಟ್. ಡ್ರೈವರ್ ಓಡುವ ಯಂತ್ರ ಟಾರ್ಗೆಟ್. ಟಾರ್ಗೆಟ್ ಆಗಿ ಹೈಪರ್-ವಿ ವರ್ಚುವಲ್ ಮಷೀನ್ ಆದರೂ ನಡೆಯುತ್ತದೆ. ವಿಂಡೋಸ್ ಹಾಕಿದ ಕೂಡಲೇ ಒಂದು ಚೆಕ್‌ಪಾಯಿಂಟ್ ತೆಗೆದಿಡಿ. ಬೂಟ್ ಆಗದ ಸ್ಥಿತಿಗೆ ಹೋದರೆ ಅಲ್ಲಿಗೆ ವಾಪಸ್ ಬರಬಹುದು.

ಟಾರ್ಗೆಟ್‌ಗೆ ಕನಿಷ್ಠ 2 ಪ್ರೊಸೆಸರ್ ಕೊಡಿ, 4 ಆದರೆ ಇನ್ನೂ ಒಳ್ಳೆಯದು. ಒಂದೇ ಪ್ರೊಸೆಸರ್ ಇದ್ದರೆ ಲಾಕ್‌ಗೆ ಸಂಬಂಧಿಸಿದ ಎಷ್ಟೋ ತಪ್ಪುಗಳು ಕಾಣಿಸಿಕೊಳ್ಳುವುದೇ ಇಲ್ಲ. ಡ್ರೈವರ್ ಬೇರೆಯವರ ಯಂತ್ರಕ್ಕೆ ಹೋದ ಮೇಲೆ ಕಾಣಿಸಿಕೊಳ್ಳುತ್ತವೆ.

ಟಾರ್ಗೆಟ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ. ಅದು ಆನ್ ಇದ್ದರೆ ಟೆಸ್ಟ್ ಸೈನಿಂಗ್ (ಪರೀಕ್ಷೆಗೆ ನಾವೇ ಸಹಿ ಹಾಕಿದ ಡ್ರೈವರನ್ನು ಏರಲು ಬಿಡುವ ಸೆಟ್ಟಿಂಗ್) ಆನ್ ಆಗುವುದಿಲ್ಲ. ನಿಜವಾದ ಯಂತ್ರವನ್ನೇ ಟಾರ್ಗೆಟ್ ಮಾಡಿದ್ದರೆ ಬೂಟ್ ಸೆಟ್ಟಿಂಗ್ ಮುಟ್ಟುವ ಮೊದಲು ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ. ಇಲ್ಲವಾದರೆ ಮುಂದಿನ ಬೂಟ್‌ನಲ್ಲಿ ಅದು ರಿಕವರಿ ಕೀ ಕೇಳುತ್ತಾ ನಿಲ್ಲುತ್ತದೆ.

ಹಂತ 3: ಟೂಲ್‌ಗಳು

ಹೋಸ್ಟ್‌ನಲ್ಲಿ ವಿಶುವಲ್ ಸ್ಟುಡಿಯೋ, ವಿಂಡೋಸ್ ಎಸ್‌ಡಿಕೆ, ವಿಂಡೋಸ್ ಡ್ರೈವರ್ ಕಿಟ್ ಮತ್ತು ವಿನ್‌ಡಿಬಿಜಿ ಡಿಬಗ್ಗರ್ ಬೇಕು. ಎಸ್‌ಡಿಕೆ ಮತ್ತು ಡ್ರೈವರ್ ಕಿಟ್‌ನ ಬಿಲ್ಡ್ ನಂಬರ್ ಒಂದೇ ಇರಬೇಕು. ಮೊದಲ ಬಿಲ್ಡ್‌ನಲ್ಲೇ ಹೆಡರ್ ಫೈಲ್ ಸಿಗುತ್ತಿಲ್ಲ ಅಂತ ಬಂದರೆ ಮೊದಲು ನೋಡಬೇಕಾದ್ದು ಇದನ್ನೇ. ಸ್ಪೆಕ್ಟರ್ (ಪ್ರೊಸೆಸರ್‌ನ ಒಂದು ಭದ್ರತಾ ದೋಷ) ತಡೆಯುವ ಲೈಬ್ರರಿ ಇಲ್ಲ ಅನ್ನುವ ಎರರ್ ಬಂದರೆ ವಿಶುವಲ್ ಸ್ಟುಡಿಯೋ ಇನ್‌ಸ್ಟಾಲರ್‌ಗೆ ಹೋಗಿ ಆ ಲೈಬ್ರರಿ ಸೇರಿಸಿ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಆ ಪರೀಕ್ಷೆಯನ್ನೇ ಆಫ್ ಮಾಡಿ ಜಾರಿಕೊಳ್ಳಬೇಡಿ.

ಹಂತ 4: ಡ್ರೈವರ್‌ಗಿಂತ ಮೊದಲು ಡಿಬಗ್ಗರ್

ಇನ್ನೂ ಒಂದು ಸಾಲು ಕೋಡ್ ಬರೆದಿಲ್ಲ, ಅಲ್ವಾ? ಹಾಗೇ ಇರಲಿ.

1. ಡಿಬಗ್ಗರ್ ಟೂಲ್‌ಗಳ ಫೋಲ್ಡರ್‌ನಲ್ಲಿ ಕೆಡಿನೆಟ್ ಅನ್ನುವ ಪ್ರೋಗ್ರಾಂ ಇರುತ್ತದೆ. ಅದನ್ನೂ ಅದರ ಪಕ್ಕದಲ್ಲಿರುವ ನೆಟ್‌ವರ್ಕ್ ಕಾರ್ಡ್‌ಗಳ ಎಕ್ಸ್‌ಎಂಎಲ್ ಫೈಲನ್ನೂ ಟಾರ್ಗೆಟ್‌ಗೆ ಕಾಪಿ ಮಾಡಿ.

2. ಟಾರ್ಗೆಟ್‌ನಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಕೆಡಿನೆಟ್‌ಗೆ ಹೋಸ್ಟ್‌ನ ಐಪಿ ವಿಳಾಸ ಮತ್ತು ಪೋರ್ಟ್ ಕೊಟ್ಟು ಓಡಿಸಿ. ಪೋರ್ಟ್ 50000ದಿಂದ 50039ರ ಒಳಗಿರಲಿ. ಅದು ಒಂದು ಉದ್ದದ ಕೀ ಕೊಡುತ್ತದೆ, ಬರೆದಿಟ್ಟುಕೊಳ್ಳಿ.

3. ಹೋಸ್ಟ್‌ನಲ್ಲಿ ವಿನ್‌ಡಿಬಿಜಿ ತೆರೆದು, ಕರ್ನಲ್‌ಗೆ ಅಟ್ಯಾಚ್ ಮಾಡುವ ಕಡೆ ನೆಟ್ ಆಯ್ದು, ಅದೇ ಪೋರ್ಟ್ ಮತ್ತು ಕೀ ಹಾಕಿ. ಈಗ ಟಾರ್ಗೆಟ್ ರೀಬೂಟ್ ಮಾಡಿ.

4. ಮೈಕ್ರೋಸಾಫ್ಟ್‌ನ ಸಿಂಬಲ್ ಸರ್ವರ್ ದಾರಿ ಸೆಟ್ ಮಾಡಿ. ಸಿಂಬಲ್ ಅಂದರೆ ವಿಳಾಸಗಳನ್ನು ಹೆಸರುಗಳಿಗೆ ಹೊಂದಿಸುವ ಮಾಹಿತಿ. ನಿಮ್ಮ ಡ್ರೈವರ್‌ನ ಪಿಡಿಬಿ (ಸಿಂಬಲ್ ಮಾಹಿತಿಯ) ಫೈಲ್ ಇರುವ ಫೋಲ್ಡರನ್ನೂ ಅದಕ್ಕೆ ಸೇರಿಸಿ.

ಕನೆಕ್ಟ್ ಆಗದೆ ಕಾಯುತ್ತಲೇ ಇದ್ದರೆ ಮೊದಲು ಹೋಸ್ಟ್‌ನ ಫೈರ್‌ವಾಲ್ ನೋಡಿ. ವಿನ್‌ಡಿಬಿಜಿಗೆ ಅನುಮತಿ ಸಿಕ್ಕಿರುವುದಿಲ್ಲ. ಕನೆಕ್ಟ್ ಆದ ಮೇಲೆ ಬ್ರೇಕ್ ಒತ್ತಿ. ಟಾರ್ಗೆಟ್‌ನಲ್ಲಿ ಮೌಸ್ ಕೂಡ ನಿಲ್ಲಬೇಕು. ಜಿ ಕಮಾಂಡ್ ಕೊಟ್ಟರೆ ಮತ್ತೆ ಓಡಬೇಕು. ಇಷ್ಟಾಗುವವರೆಗೆ ಐದನೇ ಹಂತಕ್ಕೆ ಹೋಗಬೇಡಿ.

ಇನ್ನೊಂದು ಮಾತು. ಡಿಬಿಜಿಪ್ರಿಂಟ್ ಫಂಕ್ಷನ್‌ನಿಂದ ಬರೆದದ್ದು ಡಿಬಗ್ಗರ್‌ನಲ್ಲಿ ಕಾಣುತ್ತಿಲ್ಲ ಅಂತ ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ವಿಸ್ಟಾದಿಂದ ಈಚೆಗೆ ಆ ಮಾತುಗಳನ್ನು ಕರ್ನಲ್ ಸೋಸಿ ತಡೆಯುತ್ತದೆ. ಡಿಬಗ್ಗರ್‌ನಲ್ಲಿ ಕೆಡಿ ಡೀಫಾಲ್ಟ್ ಮಾಸ್ಕ್ ಅನ್ನುವ ಕರ್ನಲ್ ವೇರಿಯಬಲ್‌ಗೆ ಹೆಕ್ಸ್ ಎಫ್ ಬರೆದರೆ ಎಲ್ಲವೂ ಕಾಣುತ್ತವೆ.

ಹಂತ 5: ಏನೂ ಮಾಡದ ಡ್ರೈವರ್ ಒಂದನ್ನು ಏರಿಸಿ, ಇಳಿಸಿ

ವಿಶುವಲ್ ಸ್ಟುಡಿಯೋದಲ್ಲಿ ಕೆಎಂಡಿಎಫ್‌ನ ಖಾಲಿ ಟೆಂಪ್ಲೇಟ್ ಆಯ್ದುಕೊಳ್ಳಿ. ಎರಡೇ ಫಂಕ್ಷನ್ ಸಾಕು. ಡ್ರೈವರ್‌ಎಂಟ್ರಿಯಲ್ಲಿ ಡಬ್ಲ್ಯೂಡಿಎಫ್ ಡ್ರೈವರ್ ಆಬ್ಜೆಕ್ಟ್ ಸೃಷ್ಟಿಸಿ. ಡಿವೈಸ್‌ಆ್ಯಡ್ ಕಾಲ್‌ಬ್ಯಾಕ್‌ನಲ್ಲಿ ಡಿವೈಸ್ ಆಬ್ಜೆಕ್ಟ್ ಸೃಷ್ಟಿಸಿ. ಎರಡರಲ್ಲೂ ಒಂದೊಂದು ಪ್ರಿಂಟ್ ಹಾಕಿ. ಆ ಪ್ರಿಂಟ್‌ನಲ್ಲಿ ನೀವೇ ಕೈಯಿಂದ ಏರಿಸುತ್ತಾ ಹೋಗುವ ಒಂದು ಆವೃತ್ತಿ ಸಂಖ್ಯೆ ಇರಲಿ. ಕೋಡ್ ಬದಲಿಸಿದರೂ ಏನೂ ಬದಲಾಗುತ್ತಿಲ್ಲ ಅನ್ನುವ ದೂರಿನಲ್ಲಿ ಹೆಚ್ಚಿನವಕ್ಕೆ ಕಾರಣ ಹಳೆಯ ಫೈಲೇ ಓಡುತ್ತಿರುವುದು. ಆ ಸಂಖ್ಯೆ ಇದ್ದರೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಟಾರ್ಗೆಟ್‌ನಲ್ಲಿ ಬಿಸಿಡಿಎಡಿಟ್ ಕಮಾಂಡ್‌ನಿಂದ ಟೆಸ್ಟ್ ಸೈನಿಂಗ್ ಆನ್ ಮಾಡಿ ರೀಬೂಟ್ ಮಾಡಿ. ಬಿಲ್ಡ್ ಮಾಡಿದಾಗ ಸಿಗುವ ಟೆಸ್ಟ್ ಸರ್ಟಿಫಿಕೇಟನ್ನು ಟಾರ್ಗೆಟ್‌ನ ಟ್ರಸ್ಟೆಡ್ ರೂಟ್ ಮತ್ತು ಟ್ರಸ್ಟೆಡ್ ಪಬ್ಲಿಷರ್ಸ್ ಎರಡಕ್ಕೂ ಹಾಕಿ. ಅದು ಲೋಕಲ್ ಮಷೀನ್ ಕಡೆಯ ಸ್ಟೋರ್ ಆಗಿರಬೇಕು. ಕರೆಂಟ್ ಯೂಸರ್ ಕಡೆ ಹಾಕಿದರೆ ಉಪಯೋಗವಿಲ್ಲ.

ನಿಜವಾದ ಹಾರ್ಡ್‌ವೇರ್ ಇಲ್ಲದ ಕಾರಣ ಡೆವ್‌ಕಾನ್ ಟೂಲ್‌ನಿಂದ ರೂಟ್ ಅಡಿಯಲ್ಲಿ ಒಂದು ಸುಳ್ಳು ಸಾಧನ ಸೃಷ್ಟಿಸಬೇಕು. ನೀವು ಕೊಡುವ ಹಾರ್ಡ್‌ವೇರ್ ಐಡಿಯೂ ಐಎನ್‌ಎಫ್ ಫೈಲ್‌ನಲ್ಲಿ (ಡ್ರೈವರ್‌ನ ಇನ್‌ಸ್ಟಾಲ್ ವಿವರಗಳ ಫೈಲ್) ಇರುವ ಐಡಿಯೂ ಅಕ್ಷರಶಃ ಹೊಂದಬೇಕು. ಡೆವ್‌ಕಾನ್ ಇನ್‌ಸ್ಟಾಲ್ ಅನ್ನು ಒಂದೇ ಸಲ ಓಡಿಸಿ, ಆಮೇಲೆ ಡೆವ್‌ಕಾನ್ ಅಪ್‌ಡೇಟ್ ಬಳಸಿ. ಪ್ರತಿ ಸಲವೂ ಇನ್‌ಸ್ಟಾಲ್ ಅಂದರೆ ಪ್ರತಿ ಸಲವೂ ಹೊಸ ಸಾಧನ ಹುಟ್ಟುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಒಂದೇ ಹೆಸರಿನ ಹತ್ತು ಸಾಧನ ಸಾಲಾಗಿ ಕೂತಿರುತ್ತವೆ.

ಐಎನ್‌ಎಫ್‌ನಲ್ಲಿ ಸ್ಟಾರ್ಟ್ ಟೈಪ್ 3 ಇರಲಿ. ಅಂದರೆ ಸಾಧನ ಕಂಡಾಗ ಮಾತ್ರ ಡ್ರೈವರ್ ಏರುತ್ತದೆ. 0 ಅಂತ ಹಾಕಿದರೆ ಬೂಟ್ ಆಗುವಾಗಲೇ ಏರುತ್ತದೆ. ಕಲಿಯುವ ಡ್ರೈವರ್‌ಗೆ ಆ ಸಾಹಸ ಬೇಡ.

ಇನ್‌ಸ್ಟಾಲ್ ಆಗದಿದ್ದರೆ ಊಹೆ ಮಾಡುತ್ತಾ ಕೂರಬೇಡಿ. ವಿಂಡೋಸ್ ಫೋಲ್ಡರ್‌ನ ಐಎನ್‌ಎಫ್ ಒಳಗೆ ಸೆಟಪ್‌ಎಪಿಐ ಡೆವ್ ಲಾಗ್ ಇದೆ. ಕೆಳಗಿನಿಂದ ಮೇಲಕ್ಕೆ ಓದಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 52 ಬಂದರೆ ಸಹಿಯ ತೊಂದರೆ. ಕೋಡ್ 10 ಬಂದರೆ ಡ್ರೈವರ್ ಏರಿದೆ, ಆದರೆ ಸಾಧನ ಶುರುವಾಗಿಲ್ಲ.

ಈ ಖಾಲಿ ಡ್ರೈವರ್ ಏರಿದ ದಿನವೇ ಡ್ರೈವರ್ ವೆರಿಫೈಯರ್ (ಡ್ರೈವರ್‌ನ ತಪ್ಪು ಕಂಡ ಕೂಡಲೇ ಯಂತ್ರ ಬೀಳಿಸಿ ತೋರಿಸುವ ವಿಂಡೋಸ್ ಟೂಲ್) ಆನ್ ಮಾಡಿ. ಸ್ಟ್ಯಾಂಡರ್ಡ್ ಸೆಟ್ಟಿಂಗ್ ಸಾಕು, ನಿಮ್ಮ ಡ್ರೈವರ್ ಮೇಲೆ ಮಾತ್ರ. ಎಲ್ಲಾ ಡ್ರೈವರ್‌ಗಳ ಮೇಲೂ ಹಾಕಿದರೆ ಯಾರದೋ ತಪ್ಪಿಗೆ ಯಂತ್ರ ಬೀಳುತ್ತಿರುತ್ತದೆ. ವೆರಿಫೈಯರ್ ಅನ್ನು ಕೊನೆಯ ಪರೀಕ್ಷೆ ಅಂತ ಎತ್ತಿಡುವವರೇ ಜಾಸ್ತಿ. ಹಾಗೆ ಎತ್ತಿಟ್ಟು ಸಾವಿರ ಸಾಲು ಬರೆದ ಮೇಲೆ ಆನ್ ಮಾಡಿದರೆ ಎಲ್ಲಿಂದ ಶುರು ಮಾಡುವುದು ಅಂತಲೇ ತಿಳಿಯುವುದಿಲ್ಲ. ಬೂಟ್ ಆಗದಂತಾದರೆ ಸೇಫ್ ಮೋಡ್‌ಗೆ ಹೋಗಿ ವೆರಿಫೈಯರ್ ರೀಸೆಟ್ ಮಾಡಿ.

ಹಂತ 6: ಬೇಕಂತಲೇ ಬೀಳಿಸಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ನನ್ನ ಪ್ರಕಾರ ಅತಿ ಮುಖ್ಯವಾದದ್ದೂ ಇದೇ. ಕಾರಣ ನಿಮಗೆ ಮೊದಲೇ ಗೊತ್ತಿರುವ ಕ್ರ್ಯಾಶ್ ಒಂದನ್ನು ಓದಿ ನೋಡದೆ, ಗೊತ್ತಿಲ್ಲದ ಕ್ರ್ಯಾಶ್ ಓದಲು ಬರುವುದಿಲ್ಲ.

ಡಿವೈಸ್‌ಆ್ಯಡ್ ಒಳಗೆ ಒಂದು ಸ್ಪಿನ್‌ಲಾಕ್ (ಸಿಗುವವರೆಗೆ ನಿದ್ರಿಸದೆ ಸುತ್ತುತ್ತಾ ಕಾಯುವ ಲಾಕ್) ಹಿಡಿಯಿರಿ. ಒಂದು ಸ್ಟ್ರಕ್ಚರ್‌ಗೆ ನಲ್ ಪಾಯಿಂಟರ್ ಇಟ್ಟು, ಅದರ ನಡುವಿನ ಯಾವುದೋ ಒಂದು ಫೀಲ್ಡ್‌ಗೆ ಬೆಲೆ ಬರೆಯಿರಿ. ಪಾಯಿಂಟರ್ ವೊಲಟೈಲ್ ಆಗಿರಲಿ, ಇಲ್ಲದಿದ್ದರೆ ಕಂಪೈಲರ್ ಆ ಸಾಲನ್ನೇ ತೆಗೆದುಹಾಕಬಹುದು. ಡ್ರೈವರ್ ಏರಿದ ಕೂಡಲೇ ಡಿಬಗ್ಗರ್ ನಿಲ್ಲುತ್ತದೆ. ಅನಲೈಜ್ ಕಮಾಂಡನ್ನು ವಿವರವಾದ ಔಟ್‌ಪುಟ್ ಕೊಡುವ ವಿ ಆಯ್ಕೆಯ ಜೊತೆ ಓಡಿಸಿ.

ಬಗ್‌ಚೆಕ್ (ನೀಲಿ ಪರದೆ) ಕೋಡ್ ಡಿ1 ಅಂತ ಬರುತ್ತದೆ. ಅದರ ಕೆಳಗೆ ನಾಲ್ಕು ಆರ್ಗ್ಯುಮೆಂಟ್. ಮೊದಲನೆಯದು ಮುಟ್ಟಲು ಹೋದ ವಿಳಾಸ. ಅದು ಹೆಕ್ಸ್ 18 ಅಂತಿದೆ ಅಂದುಕೊಳ್ಳಿ. ಇಷ್ಟು ಚಿಕ್ಕ ವಿಳಾಸ ಕಂಡರೆ ಸ್ಟ್ರಕ್ಚರ್ ಪಾಯಿಂಟರ್ ನಲ್ ಆಗಿತ್ತು ಅಂತಲೇ ಮೊದಲು ಅನುಮಾನಿಸಿ. ನೀವು ಮುಟ್ಟಿದ್ದು ಶುರುವಿನಿಂದ 24 ಬೈಟ್ ದೂರದ ಫೀಲ್ಡ್. ಡಿಟಿ ಕಮಾಂಡ್‌ಗೆ ಸ್ಟ್ರಕ್ಚರ್ ಹೆಸರು ಕೊಟ್ಟರೆ 18ರಲ್ಲಿ ಯಾವ ಫೀಲ್ಡ್ ಇದೆ ಅಂತ ತೋರಿಸುತ್ತದೆ. ಎರಡನೆಯದು 2, ಅಂದರೆ ಆಗ ಇದ್ದ ಐಆರ್‌ಕ್ಯೂಎಲ್ (ಪ್ರೊಸೆಸರ್ ಓಡುತ್ತಿರುವ ಆದ್ಯತೆಯ ಮಟ್ಟ, ಹಂತ 8ರಲ್ಲಿ ವಿವರವಿದೆ) ಡಿಸ್ಪ್ಯಾಚ್ ಮಟ್ಟ. ಮೂರನೆಯದು 1, ಅಂದರೆ ಬರೆಯಲು ಹೋಗಿದ್ದು. ಓದಲು ಹೋಗಿದ್ದರೆ 0 ಇರುತ್ತಿತ್ತು. ನಾಲ್ಕನೆಯದು ಆ ತಪ್ಪು ಮಾಡಿದ ಸೂಚನೆಯ ವಿಳಾಸ. ಪಿಡಿಬಿ ಸಿಕ್ಕಿದ್ದರೆ ನಿಮ್ಮ ಸೋರ್ಸ್ ಫೈಲ್‌ನ ಸಾಲೇ ತೆರೆದುಕೊಳ್ಳುತ್ತದೆ.

ಈಗ ಸ್ಪಿನ್‌ಲಾಕ್ ತೆಗೆದು ಅದೇ ಸಾಲನ್ನು ಮತ್ತೆ ಓಡಿಸಿ. ಈ ಸಲ ಬರುವ ಕೋಡ್ 7ಇ, ಜೊತೆಗೆ ಆ್ಯಕ್ಸೆಸ್ ವಯಲೇಷನ್‌ನ ಸಂಖ್ಯೆ. ತಪ್ಪು ಒಂದೇ, ಮಟ್ಟ ಬೇರೆ, ಹಾಗಾಗಿ ಕೋಡ್ ಬೇರೆ.

ಹಂತ 7: ಕ್ಯೂ ಮತ್ತು ಐಒಸಿಟಿಎಲ್

ಈಗ ಯೂಸರ್ ಪ್ರೋಗ್ರಾಂ ಜೊತೆ ಮಾತು ಶುರು ಮಾಡಬಹುದು. ಐಒಸಿಟಿಎಲ್ ಅಂದರೆ ಅದು ಡ್ರೈವರ್‌ಗೆ ಕಳುಹಿಸುವ ಕಮಾಂಡ್, ಕ್ಯೂ ಅಂದರೆ ಅಂಥ ರಿಕ್ವೆಸ್ಟ್‌ಗಳ ಸಾಲು. ಡಿವೈಸ್ ಇಂಟರ್‌ಫೇಸ್ ಒಂದನ್ನು ಸೃಷ್ಟಿಸಿ, ಡೀಫಾಲ್ಟ್ ಕ್ಯೂ ಒಂದನ್ನು ಸೀಕ್ವೆನ್ಷಿಯಲ್ ಆಗಿ ಇಡಿ. ಆಗ ರಿಕ್ವೆಸ್ಟ್‌ಗಳು ಒಂದಾದ ಮೇಲೆ ಒಂದು ಬರುತ್ತವೆ. ಪ್ಯಾರಲಲ್‌ನ ವೇಗಕ್ಕೆ ಆಮೇಲೆ ಆಸೆಪಡಿ.

ಇಲ್ಲಿನ ನಿಯಮ ಒಂದೇ. ಬಂದ ಪ್ರತಿ ರಿಕ್ವೆಸ್ಟನ್ನೂ ಸರಿಯಾಗಿ ಒಂದೇ ಸಲ ಕಂಪ್ಲೀಟ್ ಮಾಡಬೇಕು. ಮರೆತರೆ ಯೂಸರ್ ಪ್ರೋಗ್ರಾಂ ಸಿಕ್ಕಿಹಾಕಿಕೊಳ್ಳುತ್ತದೆ, ಟಾಸ್ಕ್ ಮ್ಯಾನೇಜರ್‌ನಿಂದ ಕೊಂದರೂ ಸಾಯುವುದಿಲ್ಲ. ಎರಡು ಸಲ ಮಾಡಿದರೆ ಬಗ್‌ಚೆಕ್. ಎರರ್ ಬಂದು ಬೇಗ ಹೊರಗೆ ಹೋಗುವ ದಾರಿಗಳಲ್ಲೇ ಈ ತಪ್ಪು ಅಡಗಿರುತ್ತದೆ. ಆದ್ದರಿಂದ ಫಂಕ್ಷನ್‌ನ ಕೊನೆಯಲ್ಲಿ ಒಂದೇ ಕಡೆ ಕಂಪ್ಲೀಟ್ ಮಾಡುವಂತೆ ಬರೆಯಿರಿ.

ಬಫರ್ ವಿಧಾನ ಮೆಥಡ್ ಬಫರ್ಡ್ ಇರಲಿ, ಅದರಲ್ಲಿ ವಿಂಡೋಸ್ ಡೇಟಾವನ್ನು ಕರ್ನಲ್ ಬಫರ್‌ಗೆ ಕಾಪಿ ಮಾಡಿ ಕೊಡುತ್ತದೆ. ಅದರಲ್ಲೂ ಎರಡು ಹಳ್ಳಗಳಿವೆ. ಒಳಬರುವ ಮತ್ತು ಹೊರಹೋಗುವ ಬಫರ್ ಎರಡೂ ಒಂದೇ ಜಾಗ. ಉತ್ತರ ಬರೆಯಲು ಶುರು ಮಾಡಿದ ಕ್ಷಣದಿಂದ ಪ್ರಶ್ನೆ ಅಳಿಯುತ್ತಾ ಹೋಗುತ್ತದೆ. ಬೇಕಾದ್ದನ್ನು ಮೊದಲೇ ಕಾಪಿ ಮಾಡಿಕೊಳ್ಳಿ. ಎರಡನೆಯದು, ಕಂಪ್ಲೀಟ್ ಮಾಡುವಾಗ ಎಷ್ಟು ಬೈಟ್ ವಾಪಸ್ ಅಂತ ಹೇಳುತ್ತೀರಲ್ಲ, ಆ ಸಂಖ್ಯೆ ನೀವು ನಿಜವಾಗಿ ಬರೆದದ್ದಕ್ಕಿಂತ ಜಾಸ್ತಿ ಇದ್ದರೆ ಕರ್ನಲ್ ಮೆಮೊರಿಯ ಹಳೆಯ ಚೂರುಗಳು ಯೂಸರ್‌ಗೆ ಹೋಗುತ್ತವೆ. ಇದು ಭದ್ರತೆಯ ದೋಷ.

ಬಫರ್‌ನ ಕನಿಷ್ಠ ಉದ್ದವನ್ನು ಪ್ರತಿ ಸಲ ಪರೀಕ್ಷಿಸಿ. ಬಫರ್ ಪಡೆಯುವ ಡಬ್ಲ್ಯೂಡಿಎಫ್ ಫಂಕ್ಷನ್‌ಗೇ ಆ ಉದ್ದ ಕೊಡಬಹುದು. ಕಳುಹಿಸುವ ಸ್ಟ್ರಕ್ಚರ್ ಒಳಗೆ ಪಾಯಿಂಟರ್, ಹ್ಯಾಂಡಲ್ ಇಡಬೇಡಿ. 32 ಬಿಟ್ ಪ್ರೋಗ್ರಾಂ 64 ಬಿಟ್ ಕರ್ನಲ್‌ಗೆ ಕಳುಹಿಸಿದಾಗ ಅಳತೆ ಹೊಂದುವುದಿಲ್ಲ. ಯೂಸರ್ ವಿಳಾಸವನ್ನೇ ನೇರವಾಗಿ ಕೊಡುವ ಮೆಥಡ್ ನೀದರ್ ಕಡೆ ಸದ್ಯಕ್ಕೆ ಹೋಗಲೇಬೇಡಿ. ಮತ್ತೆ, ಸಾಧನವನ್ನು ಯಾರು ತೆರೆಯಬಹುದು ಅನ್ನುವುದಕ್ಕೆ ಐಎನ್‌ಎಫ್‌ನಲ್ಲೇ ಭದ್ರತಾ ವಿವರ ಬರೆಯಿರಿ. ಯಾರು ಬೇಕಾದರೂ ಕರೆಯಬಹುದಾದ ಡ್ರೈವರ್‌ಗಳನ್ನೇ ದಾಳಿಕೋರರು ಹುಡುಕಿಕೊಂಡು ಬರುವುದು.

ಹಂತ 8: ಐಆರ್‌ಕ್ಯೂಎಲ್ ಅರಗಿಸಿಕೊಳ್ಳಿ

ಇಲ್ಲಿ ಅವಸರ ಬೇಡ. ಪ್ರತಿ ಪ್ರೊಸೆಸರ್ ಯಾವ ಹೊತ್ತಿಗೂ ಒಂದು ಮಟ್ಟದಲ್ಲಿ ಓಡುತ್ತಿರುತ್ತದೆ. 0 ಪ್ಯಾಸಿವ್, 1 ಎಪಿಸಿ, 2 ಡಿಸ್ಪ್ಯಾಚ್, ಅದರ ಮೇಲೆ ಸಾಧನಗಳ ಇಂಟರಪ್ಟ್ (ಸಾಧನ ಪ್ರೊಸೆಸರನ್ನು ಕರೆಯುವ ಸಂಕೇತ) ಮಟ್ಟಗಳು. 2 ಮತ್ತು ಅದಕ್ಕಿಂತ ಮೇಲೆ ಎರಡು ಕೆಲಸ ಮಾಡುವಂತಿಲ್ಲ: ಯಾವುದಕ್ಕೂ ಕಾಯುವಂತಿಲ್ಲ, ಡಿಸ್ಕ್‌ಗೆ ಹೋಗಿರಬಹುದಾದ ಪೇಜ್ಡ್ ಮೆಮೊರಿಯನ್ನು ಮುಟ್ಟುವಂತಿಲ್ಲ. ಪೇಜನ್ನು ಡಿಸ್ಕ್‌ನಿಂದ ತರಬೇಕೆಂದರೆ ಕಾಯಲೇಬೇಕು. ಈ ಮಟ್ಟದಲ್ಲಿ ಥ್ರೆಡ್ ಬದಲಿಸುವ ಶೆಡ್ಯೂಲರೇ ಓಡುವುದಿಲ್ಲ.

ಈ ನಿಯಮವನ್ನು ಬಾಯಿಪಾಠ ಮಾಡುವುದು ಸುಲಭ. ನೀವು 2ರಲ್ಲಿ ಇದ್ದೀರಿ ಅಂತ ಗುರುತಿಸುವುದು ಕಷ್ಟ. ಸ್ಪಿನ್‌ಲಾಕ್ ಹಿಡಿದ ಕ್ಷಣವೇ 2ಕ್ಕೆ ಏರುತ್ತೀರಿ. ಡಿಪಿಸಿ (ಇಂಟರಪ್ಟ್‌ನ ಮಿಕ್ಕ ಕೆಲಸವನ್ನು ಸ್ವಲ್ಪ ತಡವಾಗಿ ಮಾಡುವ ಕಾಲ್‌ಬ್ಯಾಕ್) ಓಡುವುದು 2ರಲ್ಲಿ. ಡಬ್ಲ್ಯೂಡಿಎಫ್ ಟೈಮರ್ ಕಾಲ್‌ಬ್ಯಾಕ್ ಕೂಡ, ಬೇರೆ ಹೇಳದಿದ್ದರೆ, 2ರಲ್ಲೇ. ಕ್ಯೂ ಕಾಲ್‌ಬ್ಯಾಕ್‌ಗಳು ಬಹುತೇಕ 0ಯಲ್ಲಿ ಬಂದರೂ 2ರಲ್ಲೂ ಬರಬಹುದು. ಅದು ಬೇಡವಾದರೆ ಎಕ್ಸಿಕ್ಯೂಷನ್ ಲೆವೆಲ್ ಪ್ಯಾಸಿವ್ ಅಂತ ಮೊದಲೇ ಹೇಳಬೇಕು.

ಈ ತಪ್ಪಿನ ಕೆಟ್ಟ ಗುಣ ಅಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ! ಆ ಪೇಜ್ ಮೆಮೊರಿಯಲ್ಲೇ ಇದ್ದರೆ ಕೋಡ್ ಆರಾಮಾಗಿ ಓಡುತ್ತದೆ. ಮೆಮೊರಿ ಬಿಗಿಯಾದ ದಿನ ಬೀಳುತ್ತದೆ. ವೆರಿಫೈಯರ್‌ನ ಐಆರ್‌ಕ್ಯೂಎಲ್ ಪರೀಕ್ಷೆ ಮಟ್ಟ ಏರಿದಾಗ ಪೇಜ್ಡ್ ಮೆಮೊರಿಯನ್ನು ಬೇಕಂತಲೇ ಆಚೆ ಹಾಕುತ್ತದೆ, ಹಾಗಾಗಿ ನಿಮ್ಮ ಮೇಜಿನ ಮೇಲೇ ಬೀಳುತ್ತದೆ.

ಮಾಡಬೇಕಾದ್ದು ಮೂರು. ಹೊಸ ಕರ್ನಲ್ ಫಂಕ್ಷನ್ ಕರೆಯುವ ಮೊದಲು ದಾಖಲೆ ಪುಟದ ಕೆಳಗಿನ ಕೋಷ್ಟಕದಲ್ಲಿ ಐಆರ್‌ಕ್ಯೂಎಲ್ ಸಾಲು ಓದಿ. ಪ್ಯಾಸಿವ್‌ನಲ್ಲಿ ಮಾತ್ರ ಓಡುವ ನಿಮ್ಮ ಫಂಕ್ಷನ್‌ಗಳ ಮೊದಲ ಸಾಲಿಗೆ ಪೇಜ್ಡ್ ಕೋಡ್ ಮ್ಯಾಕ್ರೋ ಹಾಕಿ. ಫೈಲ್ ತೆರೆಯುವುದು, ರಿಜಿಸ್ಟ್ರಿ ಓದುವುದು ಇಂಥವನ್ನು 2ರಲ್ಲಿದ್ದಾಗ ವರ್ಕ್ ಐಟಂಗೆ (ಆಮೇಲೆ ಪ್ಯಾಸಿವ್‌ನಲ್ಲಿ ಓಡುವ ಕೆಲಸ) ದಾಟಿಸಿ. ಅಂದಹಾಗೆ, ಯೂನಿಕೋಡ್ ಸ್ಟ್ರಿಂಗ್ ತೋರಿಸುವ ಡಿಬಿಜಿಪ್ರಿಂಟ್ ಕೂಡ ಪ್ಯಾಸಿವ್‌ನಲ್ಲಿ ಮಾತ್ರ ನಡೆಯುತ್ತದೆ. ತಪ್ಪು ಹುಡುಕಲು ಹಾಕಿದ ಪ್ರಿಂಟೇ ಯಂತ್ರ ಬೀಳಿಸುವುದು ಹೀಗೆ.

ಹಂತ 9: ಮೆಮೊರಿ

ಹಳೆಯ ಸ್ಯಾಂಪಲ್‌ಗಳಲ್ಲಿ ಕರ್ನಲ್ ಮೆಮೊರಿ ಕೇಳುವ ಎಕ್ಸ್‌ಅಲೊಕೇಟ್‌ಪೂಲ್‌ವಿತ್‌ಟ್ಯಾಗ್ ಫಂಕ್ಷನ್ ಕಾಣುತ್ತದೆ. ವಿಂಡೋಸ್ 10ರ 2004 ಆವೃತ್ತಿಯಿಂದ ಅದರ ಜಾಗಕ್ಕೆ ಎಕ್ಸ್‌ಅಲೊಕೇಟ್‌ಪೂಲ್2 ಬಂದಿದೆ. ಬೇಡ ಅಂತ ಹೇಳದಿದ್ದರೆ ಅದು ಮೆಮೊರಿಯನ್ನು ಸೊನ್ನೆ ತುಂಬಿಯೇ ಕೊಡುತ್ತದೆ. ಮೆಮೊರಿ ಯಾರದು ಅಂತ ಗುರುತಿಸುವ ಟ್ಯಾಗ್‌ನ ನಾಲ್ಕು ಅಕ್ಷರಗಳನ್ನು ಕೋಡ್‌ನಲ್ಲಿ ಹಿಂದುಮುಂದಾಗಿ ಬರೆದರೆ ಟೂಲ್‌ಗಳಲ್ಲಿ ನೇರವಾಗಿ ಕಾಣುತ್ತದೆ.

64 ಬಿಟ್ ವಿಂಡೋಸ್‌ನಲ್ಲಿ ಕರ್ನಲ್ ಸ್ಟ್ಯಾಕ್ ಸುಮಾರು 24 ಕೆಬಿ. ಅದನ್ನೂ ಮೇಲಿನ ಕೆಳಗಿನ ಡ್ರೈವರ್‌ಗಳ ಜೊತೆ ಹಂಚಿಕೊಳ್ಳಬೇಕು. ಆದ್ದರಿಂದ ದೊಡ್ಡ ಅರೇಗಳನ್ನು ಸ್ಟ್ಯಾಕ್ ಮೇಲೆ ಇಡಬೇಡಿ, ರಿಕರ್ಷನ್ ಬೇಡ.

ಸಾಧ್ಯವಾದ ಕಡೆಯೆಲ್ಲ ಪ್ರತ್ಯೇಕ ಮೆಮೊರಿ ಕೇಳದೆ ಡಬ್ಲ್ಯೂಡಿಎಫ್ ಆಬ್ಜೆಕ್ಟ್‌ನ ಕಾಂಟೆಕ್ಸ್ಟ್ ಬಳಸಿ. ಆಬ್ಜೆಕ್ಟ್ ಹೋದಾಗ ಅದೂ ಹೋಗುತ್ತದೆ. ಡ್ರೈವರ್ ಇಳಿಸಿದ ಕೂಡಲೇ ಸಿ4 ಬಗ್‌ಚೆಕ್ ಬಂದು ಮೊದಲ ಆರ್ಗ್ಯುಮೆಂಟ್ ಹೆಕ್ಸ್ 62 ಇದ್ದರೆ, ಪಡೆದ ಮೆಮೊರಿ ವಾಪಸ್ ಕೊಟ್ಟಿಲ್ಲ ಅಂತ ವೆರಿಫೈಯರ್ ಹಿಡಿದಿದೆ. ಡಿಬಗ್ಗರ್‌ನ ವೆರಿಫೈಯರ್ ಕಮಾಂಡ್‌ಗೆ 3 ಮತ್ತು ಡ್ರೈವರ್ ಹೆಸರು ಕೊಟ್ಟರೆ ಬಾಕಿ ಉಳಿದ ತುಂಡುಗಳ ಪಟ್ಟಿ ಬರುತ್ತದೆ.

ಹಂತ 10: ಈಗ ಹಾರ್ಡ್‌ವೇರ್

ಕೈಯಲ್ಲಿ ಕಾರ್ಡ್ ಇಲ್ಲವೇ? ಕೆಮು ಎಮ್ಯುಲೇಟರ್‌ನಲ್ಲಿ ಎಡು ಅನ್ನುವ ಪಿಸಿಐ ಸಾಧನ ಇದೆ. ಡ್ರೈವರ್ ಕಲಿಸಲಿಕ್ಕೆಂದೇ ಮಾಡಿದ್ದು. ವೆಂಡರ್ ಐಡಿ 1234, ಡಿವೈಸ್ ಐಡಿ 11ಇ8. ಹೆಕ್ಸ್ 4ರ ರಿಜಿಸ್ಟರ್‌ಗೆ ಏನಾದರೂ ಬರೆದರೆ ಅದರ ಪ್ರತಿ ಬಿಟ್ 0 ಇದ್ದರೆ 1, 1 ಇದ್ದರೆ 0 ಮಾಡಿ ವಾಪಸ್ ಕೊಡುತ್ತದೆ. ಹೆಕ್ಸ್ 8ಕ್ಕೆ 5 ಬರೆದರೆ ಫ್ಯಾಕ್ಟೋರಿಯಲ್ ಲೆಕ್ಕ ಮಾಡಿ 120 ಇಡುತ್ತದೆ, ಬೇಕಾದರೆ ಮುಗಿದಾಗ ಇಂಟರಪ್ಟ್ ಕೂಡ ಎಬ್ಬಿಸುತ್ತದೆ. ರಿಜಿಸ್ಟರ್, ಇಂಟರಪ್ಟ್, ಡಿಎಂಎ ಮೂರನ್ನೂ ಇದರಲ್ಲೇ ಕಲಿಯಬಹುದು. ಅದೇ ಕ್ರಮದಲ್ಲಿ ಕಲಿಯಿರಿ.

1. ಪ್ರಿಪೇರ್ ಹಾರ್ಡ್‌ವೇರ್ ಕಾಲ್‌ಬ್ಯಾಕ್‌ನಲ್ಲಿ ಟ್ರಾನ್ಸ್‌ಲೇಟೆಡ್ ಸಂಪನ್ಮೂಲ ಪಟ್ಟಿಯಿಂದ ಮೆಮೊರಿ ವ್ಯಾಪ್ತಿ ತೆಗೆದುಕೊಂಡು ಮ್ಯಾಪ್ ಮಾಡಿ. ರಿಲೀಸ್ ಹಾರ್ಡ್‌ವೇರ್ ಕಾಲ್‌ಬ್ಯಾಕ್‌ನಲ್ಲಿ ಅನ್‌ಮ್ಯಾಪ್. ರಿಜಿಸ್ಟರ್‌ಗಳನ್ನು ನೇರ ಪಾಯಿಂಟರ್‌ನಿಂದ ಮುಟ್ಟದೆ ರೀಡ್ ರಿಜಿಸ್ಟರ್, ರೈಟ್ ರಿಜಿಸ್ಟರ್ ಫಂಕ್ಷನ್‌ಗಳನ್ನೇ ಬಳಸಿ.

2. ಐಎಸ್‌ಆರ್‌ನಲ್ಲಿ (ಇಂಟರಪ್ಟ್ ಬಂದ ಕೂಡಲೇ ಓಡುವ ಫಂಕ್ಷನ್) ಮೊದಲು ಸಾಧನದ ಸ್ಟೇಟಸ್ ಓದಿ. ಇಂಟರಪ್ಟ್ ನಮ್ಮದಲ್ಲದಿದ್ದರೆ ಫಾಲ್ಸ್ ಕೊಟ್ಟು ಹೊರಡಿ, ಏಕೆಂದರೆ ಲೈನ್ ಇಂಟರಪ್ಟ್‌ಗಳನ್ನು ಬೇರೆ ಸಾಧನವೂ ಹಂಚಿಕೊಂಡಿರಬಹುದು. ನಮ್ಮದೇ ಆದರೆ ಅದನ್ನು ಸುಮ್ಮನಾಗಿಸಿ, ಡಿಪಿಸಿ ಕ್ಯೂ ಮಾಡಿ, ಹೊರಗೆ ಬನ್ನಿ. ಸುಮ್ಮನಾಗಿಸಲು ಮರೆತರೆ ಇಂಟರಪ್ಟ್ ಮೇಲಿಂದ ಮೇಲೆ ಬಂದು ಯಂತ್ರ ಕಲ್ಲಾಗುತ್ತದೆ. ಐಎಸ್‌ಆರ್ 25 ಮೈಕ್ರೋಸೆಕೆಂಡ್, ಡಿಪಿಸಿ 100 ಮೈಕ್ರೋಸೆಕೆಂಡ್ ದಾಟಬಾರದು ಅನ್ನುವುದು ಮೈಕ್ರೋಸಾಫ್ಟ್‌ನ ಮಾರ್ಗಸೂಚಿ.

3. ಡಿಎಂಎಗೆ ಭೌತಿಕ ವಿಳಾಸವನ್ನು ನೀವೇ ಹುಡುಕಿ ಕಾರ್ಡ್‌ಗೆ ಕೊಡಬೇಡಿ. ಐಒಎಂಎಂಯು (ಸಾಧನಗಳು ಬಳಸುವ ವಿಳಾಸಗಳನ್ನು ಬದಲಿಸುವ ಹಾರ್ಡ್‌ವೇರ್) ಇರುವ ಯಂತ್ರದಲ್ಲಿ ಅದು ಕೆಲಸ ಮಾಡದೇ ಹೋಗಬಹುದು. ಡಬ್ಲ್ಯೂಡಿಎಫ್‌ನ ಡಿಎಂಎ ಫಂಕ್ಷನ್‌ಗಳು ಕೊಡುವ ವಿಳಾಸವನ್ನೇ ಬಳಸಿ.

4. ನಿದ್ರೆಯಿಂದ ಎದ್ದ ಸಾಧನಕ್ಕೆ ಹಿಂದಿನದು ನೆನಪಿರುವುದಿಲ್ಲ. ರಿಜಿಸ್ಟರ್‌ಗಳನ್ನು ಡಿ0 ಎಂಟ್ರಿ ಕಾಲ್‌ಬ್ಯಾಕ್‌ನಲ್ಲಿ (ಸಾಧನ ಪೂರ್ತಿ ಪವರ್‌ಗೆ ಬಂದಾಗ ಓಡುವುದು) ಪ್ರತಿ ಸಲ ಹೊಸದಾಗಿ ತುಂಬಿ. ಯಂತ್ರವನ್ನು ಮಲಗಿಸಿ ಎಬ್ಬಿಸಿ, ರಿಕ್ವೆಸ್ಟ್ ನಡೆಯುತ್ತಿರುವಾಗಲೇ ಸಾಧನ ಡಿಸೇಬಲ್ ಮಾಡಿ ನೋಡಿ. ಕಿತ್ತುಹೋದ ಪಿಸಿಐ ಸಾಧನವನ್ನು ಓದಿದರೆ ಎಲ್ಲಾ ಬಿಟ್‌ಗಳೂ 1 ಬರುತ್ತವೆ. ಒಂದು ಬಿಟ್ 0 ಆಗುವವರೆಗೆ ಕಾಯುವ ಲೂಪ್ ಇದ್ದರೆ ಅದು ಮುಗಿಯುವುದೇ ಇಲ್ಲ. ಅಂಥ ಲೂಪ್‌ಗಳಿಗೆಲ್ಲ ಮಿತಿ ಹಾಕಿ.

ಹಂತ 11: ಸಹಿ

ಟೆಸ್ಟ್ ಸೈನಿಂಗ್ ನಿಮ್ಮ ಟಾರ್ಗೆಟ್‌ಗೆ ಮಾತ್ರ. ವಿಂಡೋಸ್ 10ರ 1607 ಆವೃತ್ತಿಯಿಂದ, ಹೊಸ ಕರ್ನಲ್ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್‌ನ ಹಾರ್ಡ್‌ವೇರ್ ಪೋರ್ಟಲ್ ಮೂಲಕವೇ ಸಹಿ ಬೀಳಬೇಕು. ಆ ಖಾತೆಗೆ ಇವಿ (ಸಂಸ್ಥೆಯ ಗುರುತನ್ನು ಕಟ್ಟುನಿಟ್ಟಾಗಿ ಪರಿಶೀಲಿಸಿ ಕೊಡುವ) ಕೋಡ್ ಸೈನಿಂಗ್ ಸರ್ಟಿಫಿಕೇಟ್ ಬೇಕು. ಬಳಕೆದಾರರಿಗೆ ಸೆಕ್ಯೂರ್ ಬೂಟ್ ಆಫ್ ಮಾಡಿ ಅಂತ ಹೇಳುವ ದಾರಿ ಹಿಡಿಯಬೇಡಿ.

ಈ ಲಕ್ಷಣ ಕಂಡರೆ ನಿಲ್ಲಿಸಿ

ಕ್ರ್ಯಾಶ್ ಪ್ರತಿ ಸಲ ಬೇರೆ ಬೇರೆ ಡ್ರೈವರ್ ಹೆಸರಿನಲ್ಲಿ ಬರುತ್ತಿದ್ದರೆ ಯಾರೋ ಬಫರ್ ಆಚೆ ಬರೆಯುತ್ತಿದ್ದಾರೆ, ಬಹುಶಃ ನೀವೇ. ವೆರಿಫೈಯರ್‌ನ ಸ್ಪೆಷಲ್ ಪೂಲ್ ಅದನ್ನು ಬರೆದ ಕ್ಷಣದಲ್ಲೇ ಹಿಡಿಯಬಲ್ಲದು.

ಬಗ್‌ಚೆಕ್ ಕೋಡ್ 133 ಬಂದರೆ ಡಿಪಿಸಿ ತುಂಬಾ ಹೊತ್ತು ಓಡಿದೆ, ಅಥವಾ ಯಂತ್ರ ಡಿಸ್ಪ್ಯಾಚ್ ಮಟ್ಟದಲ್ಲೇ ಸಿಕ್ಕಿಕೊಂಡಿದೆ. ಮಲಗಿಸುವಾಗ 9ಎಫ್ ಬಂದರೆ ಪೂರ್ತಿಯಾಗದ ರಿಕ್ವೆಸ್ಟ್ ಒಂದನ್ನು ಮೊದಲು ಹುಡುಕಿ. ಡ್ರೈವರ್ ಇಳಿಸಿದ ಮೇಲೆ ಸಿಇ ಬಂದರೆ ಟೈಮರ್, ವರ್ಕ್ ಐಟಂ ಅಥವಾ ಡಿಪಿಸಿ ಒಂದು ಇನ್ನೂ ಬಾಕಿ ಇತ್ತು.

ಡಿಬಗ್ ಬಿಲ್ಡ್‌ನಲ್ಲಿ ಓಡಿ ರಿಲೀಸ್ ಬಿಲ್ಡ್‌ನಲ್ಲಿ ಬಿದ್ದರೆ, ಇಲ್ಲವೇ ಒಂದು ಪ್ರಿಂಟ್ ಸೇರಿಸಿದ ಕೂಡಲೇ ಸರಿಹೋದರೆ, ಸರಿಹೋಯಿತು ಅಂದುಕೊಳ್ಳಬೇಡಿ. ಪ್ರಿಂಟ್ ಸಮಯವನ್ನು ಸ್ವಲ್ಪ ಸರಿಸಿದೆ ಅಷ್ಟೆ. ಆ ಪ್ರಿಂಟ್ ತೆಗೆಯಿರಿ, ಟಾರ್ಗೆಟ್‌ನ ಪ್ರೊಸೆಸರ್ ಸಂಖ್ಯೆ ಹೆಚ್ಚಿಸಿ, ಎರಡು ಕಡೆಯಿಂದ ಮುಟ್ಟುವ ಪ್ರತಿ ವೇರಿಯಬಲ್‌ಗೆ ಯಾವ ಲಾಕ್ ಕಾವಲಿದೆ ಅಂತ ಅದರ ಪಕ್ಕದಲ್ಲೇ ಕಾಮೆಂಟ್ ಬರೆಯುತ್ತಾ ಹೋಗಿ. ಯಾವುದರ ಪಕ್ಕ ಬರೆಯಲು ಲಾಕಿನ ಹೆಸರು ಸಿಗುವುದಿಲ್ಲವೋ, ಹುಡುಕಾಟ ಅಲ್ಲಿಂದ ಶುರು ಮಾಡಿ.